ಮರ ಅಳಿಯುವಾಗಿನ ದೇವತೆ: ರೋಮಿನ ವನದೇವತೆಗಳು ಮತ್ತು ಕೃಷ್ಣಾತೀರದ ಬನ್ನಿ

ಕ್ರಿ.ಶ. 183ರಲ್ಲಿ ರೋಮ್ ನಗರದ ಹೊರಗಿನ ಪವಿತ್ರವನದಲ್ಲಿದ್ದ ದೇಆ ದಿಆ ಎಂಬ ದೇವತೆಯ ಗುಡಿಯ ಮಾಡಿನ ಮೇಲೆ ಅಂಜೂರದ ಗಿಡವೊಂದು ಬೆಳೆದಿತ್ತು. ಅದನ್ನು ಕೀಳಲು ಅಲ್ಲಿನ ಆರ್ವಾಲ್ ಅರ್ಚಕರು ಹಲವು ದೇವತೆಗಳಿಗೆ ಬಲಿ ಅರ್ಪಿಸಿದ ವಿವರ ಶಾಸನದಲ್ಲಿ ಉಳಿದಿದೆ. ಅವರಲ್ಲಿ ಮೂವರು ಅದೊಲೆಂಡಾ, ಕೊಮ್ಮೊಲೆಂಡಾ, ದೆಫೆರುಂಡಾ. ಸುಡುವುದು, ಪುಡಿಗೈಯುವುದು, ಕೆಳಗಿಳಿಸುವುದು ಎಂಬ ಕ್ರಿಯೆಗಳೇ ಇಲ್ಲಿ ದೇವತೆಗಳಾಗಿವೆ. ಅದಕ್ಕೂ ಹಿಂದೆ, ಕ್ರಿ.ಪೂ. ಎರಡನೆಯ ಶತಮಾನದ ಕೇಟೊ ತನ್ನ ಕೃಷಿಗ್ರಂಥದಲ್ಲಿ, ತೋಪಿನ ಮರ ಸವರುವವನು ಹಂದಿಯನ್ನು ಬಲಿಕೊಟ್ಟು, ಅಲ್ಲಿರುವುದು ದೇವನಾಗಲಿ ದೇವಿಯಾಗಲಿ, ಆ ಶಕ್ತಿಯನ್ನು ಪ್ರಾರ್ಥಿಸಬೇಕೆಂದು ವಿಧಿಸಿದ್ದಾನೆ. ಹೆಸರು ತಿಳಿಯದಿದ್ದರೂ ಋಣ ತಪ್ಪದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಇಂಥ ಗೌರವಕ್ಕೆ ಪಾತ್ರವಾದುದು ಬನ್ನಿ. ನವರಾತ್ರಿಯ ನಸುಕಿನಲ್ಲಿ ಹೆಣ್ಣುಮಕ್ಕಳು ಸುತ್ತುಹಾಕುವ ಬನ್ನಿ ಮಹಾಂಕಾಳಿಗೆ ಮರವೇ ಮೂರ್ತಿ. ಎಳ್ಳಮಾವಾಸ್ಯೆಯಂದು ಎರೆಹೊಲದ ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಪೂಜಿಸಿ, ಚರಗ ಚೆಲ್ಲುತ್ತಾರೆ. ವಿರಾಟಪರ್ವದ ಶಮೀವೃಕ್ಷದ ಕಥೆಯೊಂದರಿಂದಲೇ ಇದನ್ನೆಲ್ಲ ವಿವರಿಸುವ ರೂಢಿ ಕನ್ನಡ ಬರಹಗಳಲ್ಲಿ ಬಲವಾಗಿದೆ. ಅದು ಸಾಲದು. ಕಥೆ ಕಲ್ಲುಗಳಿಗೆ ಹೆಸರು ಕೊಡುತ್ತದೆ. ಚರಗವಾದರೋ ನಿಂತ ಪೈರಿಗೂ ಭೂಮಿತಾಯಿಗೂ ಸಲ್ಲುವ ಎಡೆ. ಒಕ್ಕಲುತನದ ಸಂಬಂಧ ಇಲ್ಲಿ ಪುರಾಣಕ್ಕಿಂತ ಆಳವಾದುದು.

ಈ ಸಂಬಂಧ ಕಡಿದಾಗ ಏನಾಗುತ್ತದೆ? 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿ ಅಣೆಕಟ್ಟಿಗೆ 519.6 ಮೀಟರ್ ಎತ್ತರವನ್ನು ಒಪ್ಪಿತು. ಹಿನ್ನೀರಿನಲ್ಲಿ ಬೀಳಗಿ, ಜಮಖಂಡಿ ಭಾಗದ ಹಳ್ಳಿಹೊಲಗಳು ಮುಳುಗಿದವು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರಿಗೆ ಸಮ್ಮತಿಸಿದೆ. ಭೂಸ್ವಾಧೀನದ 1894ರ ಕಾಯಿದೆಯಾಗಲಿ 2013ರ ಕಾಯಿದೆಯಾಗಲಿ ಮರಕ್ಕೆ ಬೆಲೆ ಕಟ್ಟುವ ಕ್ರಮವನ್ನು ಬಲ್ಲವು, ಬೀಳ್ಕೊಡುವ ಕ್ರಮವನ್ನಲ್ಲ. ಭಾರತೀಯ ಪರಂಪರೆಗೆ ಅದು ಅಪರಿಚಿತವೇನಲ್ಲ. ಪ್ರತಿಮೆಗಾಗಿ ಮರ ಕಡಿಯುವ ಮುನ್ನ, ಅದರಲ್ಲಿ ವಾಸಿಸುವ ಭೂತಗಳು ಪೂಜೆ ಸ್ವೀಕರಿಸಿ ಬೇರೆಡೆ ನೆಲೆಸಬೇಕೆಂದು ಬೇಡುವ ವಿಧಿಯನ್ನು ವರಾಹಮಿಹಿರನ ಬೃಹತ್ಸಂಹಿತೆ ಹೇಳುತ್ತದೆ.

ಐದು ಕಲ್ಲುಗಳನ್ನು ಚಕ್ಕಡಿಯಲ್ಲಿ ಒಯ್ಯಬಹುದು, ಬನ್ನಿಯನ್ನು ಒಯ್ಯಲಾಗದು. ಹೊಲ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಮನೆತನಗಳು ಈಗ ಯಾವ ಮರದ ಬುಡದಲ್ಲಿ ಚರಗದ ಬುಟ್ಟಿ ಇಳಿಸುತ್ತವೆ, ಬಿಟ್ಟುಬಂದ ಮರಕ್ಕೆ ಕೊನೆಯ ಎಡೆ ಕೊಟ್ಟರೇ ಎಂಬುದನ್ನು ಆ ತಲೆಮಾರಿನ ಹಿರಿಯರು ಇರುವಾಗಲೇ ಕೇಳಿ ದಾಖಲಿಸಬೇಕಾಗಿದೆ.