ಅರಿಶಿಣದ ಹಾಲು ರಕ್ತಕ್ಕೆ ಎಷ್ಟು ಮುಟ್ತದೆ?

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ತಕ್ಷಣ ಎರಡು ಪಾರ್ಟಿ ಆಗ್ತವೆ. ಒಂದು ಅಜಿತ್ರೋ ಪಾರ್ಟಿ. ಮೆಡಿಕಲ್‌ಗೆ ಹೋಗಿ "ಅಣ್ಣಾ, ಗಂಟಲು ಹಿಡದದ, ಜ್ವರ ಬಂದಾವ, ಗುಳಿಗಿ ಕೊಡ್ರಿ" ಅಂದ್ರೆ ಸಾಕು, ಚೀಟಿ ಕೇಳದೆ ಸ್ಟ್ರಿಪ್ ಕತ್ತರಿಸಿ ಎರಡು ಕೊಡ್ತಾರೆ. ಇನ್ನೊಂದು ಕಷಾಯ ಪಾರ್ಟಿ. ಅದರ ಲೀಡರ್ ನನ್ನ ರೂಮ್‌ಮೇಟ್, ಕಮಲಾಪುರದವನು. ಅವನ ಅಜ್ಜಿ ಫೋನ್‌ನಲ್ಲೇ ಟ್ರೀಟ್‌ಮೆಂಟ್ ಹೇಳ್ತಾರೆ: "ಇಂಗ್ಲಿಷ್ ಗುಳಿಗಿ ಬ್ಯಾಡಪಾ, ಮೈಯಾಗ ಹೀಟ್ ಆಗ್ತದ. ಹಾಲಿಗಿ ಅರಿಶಿಣ, ಮೆಣಸು ಹಾಕ್ಕೊಂಡು ಕುಡಿ." ಊರಿಂದ ಅವನು ಕೆಂಪು ಬಾಳೆಹಣ್ಣು ತಂದಾಗ ಮಾತ್ರ ಎರಡೂ ಪಾರ್ಟಿ ಒಂದಾಗ್ತವೆ. (ಜಿಐ ಟ್ಯಾಗ್ ಇರೋ ಹಣ್ಣು, ಜಗಳ ಆಡೋಕೆ ಆಗಲ್ಲ.)

ಜಗಳದ ವಿಷಯ ಯಾವಾಗಲೂ ಒಂದೇ: ನ್ಯಾಚುರಲ್ ಒಳ್ಳೇದೋ, ಕೆಮಿಕಲ್ ಒಳ್ಳೇದೋ. ಈ ಪ್ರಶ್ನೆಯೇ ಸರಿ ಇಲ್ಲ ಅಂತ ನನಗನಿಸುತ್ತೆ. 1928ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಬಂದದ್ದು ಬೂಸ್ಟಿನಿಂದ. 1943ರ ಸ್ಟ್ರೆಪ್ಟೋಮೈಸಿನ್ ಮಣ್ಣಿನೊಳಗಿನ ಒಂದು ಸೂಕ್ಷ್ಮಜೀವಿಯಿಂದ ಬಂತು. ಅಜಿತ್ರೋಮೈಸಿನ್ ಕೂಡ, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಎರಿತ್ರೋಮೈಸಿನ್ ಅನ್ನು ಲ್ಯಾಬ್‌ನಲ್ಲಿ ಸ್ವಲ್ಪ ಬದಲಿಸಿ ಮಾಡಿದ್ದು. ಹಾಗಾದ್ರೆ ಅದು ಯಾವ ಪಾರ್ಟಿಗೆ ಸೇರಿತು?

ಕೇಳಬೇಕಾದ್ದು ಬೇರೆ: ಬ್ಯಾಕ್ಟೀರಿಯಾ ಎಲ್ಲಿ ಕೂತಿದೆಯೋ ಅಲ್ಲಿಗೆ ಔಷಧಿ ಎಷ್ಟು ಮುಟ್ತದೆ? ಇದಕ್ಕೆ ಮೈಕ್ರೋಬಯಾಲಜಿಯವರ ಹತ್ತಿರ ಒಂದು ನಂಬರ್ ಇದೆ, ಎಂಐಸಿ. ಬ್ಯಾಕ್ಟೀರಿಯಾ ಬೆಳೆಯೋದನ್ನ ನಿಲ್ಲಿಸೋಕೆ ಬೇಕಾದ ಕನಿಷ್ಠ ಸಾಂದ್ರತೆ ಅದು. ನಮ್ಮ ಭಾಷೆಯಲ್ಲಿ ಥ್ರೆಶೋಲ್ಡ್ ಅನ್ನಿ. ಡಯೋಡ್‌ಗೆ 0.7 ವೋಲ್ಟ್ ಬೇಕಾದ ಕಡೆ 0.1 ಕೊಟ್ಟು ಎಷ್ಟು ಹೊತ್ತು ಕಾದ್ರೂ ಏನೂ ಉಪಯೋಗ ಇಲ್ಲವಲ್ಲ, ಹಂಗೆ.

ಈಗ ಅರಿಶಿಣಕ್ಕೆ ಬರೋಣ. ಅದರೊಳಗಿನ ಕರ್ಕ್ಯುಮಿನ್ ಬ್ಯಾಕ್ಟೀರಿಯಾ ತಡೀತದೆ ಅನ್ನೋದು ಸುಳ್ಳಲ್ಲ, ಲ್ಯಾಬ್ ಪ್ಲೇಟ್‌ನಲ್ಲಿ ತಡೀತದೆ. ಆದ್ರೆ ಕೀವು ಮಾಡುವ ಸ್ಟ್ಯಾಫಿಲೊಕಾಕಸ್‌ಗೆ ಅದರ ಎಂಐಸಿ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ ನೂರು ಮೈಕ್ರೋಗ್ರಾಂ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬರ್ತದೆ. ಕುಡಿದದ್ದು ರಕ್ತಕ್ಕೆ ಎಷ್ಟು ಹೋಗ್ತದೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅಳೆದು 1998ರಲ್ಲಿ ಪ್ರಕಟಿಸಿದ್ರು. ಆರೋಗ್ಯವಾಗಿದ್ದವರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಸೊನ್ನೆ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ರೆ ಹೀರಿಕೆ ಶೇ. 2000ದಷ್ಟು ಏರಿತು. ಅಂದ್ರೆ ಅಜ್ಜಿಯ ಮೆಣಸಿನ ಐಡಿಯಾ ಕರೆಕ್ಟ್! ಆದ್ರೆ ಅಷ್ಟು ಏರಿದ ಮೇಲೂ ರಕ್ತದಲ್ಲಿ ಇದ್ದದ್ದು ಮಿಲಿಲೀಟರ್‌ಗೆ ಸುಮಾರು 0.18 ಮೈಕ್ರೋಗ್ರಾಂ. ಬೇಕಾದ್ದು ನೂರು, ಸಿಕ್ಕಿದ್ದು 0.18.

ಅದೂ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಲೆಕ್ಕ. ಅಡುಗೆ ಅರಿಶಿಣದಲ್ಲಿ ಕರ್ಕ್ಯುಮಿನ್ ಇರೋದು ಸುಮಾರು ಶೇ. 3. ಅಷ್ಟು ಬೇಕಂದ್ರೆ ಒಂದೇ ಸಲಕ್ಕೆ 65 ಗ್ರಾಂ ಅರಿಶಿಣ ತಿನ್ನಬೇಕು. ಹಾಲಿಗೆ ನಾವು ಹಾಕೋದು ಒಂದು ಚಮಚ.

ಇದನ್ನ ಅಮಾಕ್ಸಿಸಿಲಿನ್ ಜೊತೆ ಹೋಲಿಸಿ. 500 ಮಿಲಿಗ್ರಾಂ ಗುಳಿಗೆ ನುಂಗಿದ್ರೆ ಒಂದೆರಡು ತಾಸಿನಲ್ಲಿ ರಕ್ತದಲ್ಲಿ 5ರಿಂದ 8 ಮೈಕ್ರೋಗ್ರಾಂ ಬರ್ತದೆ. ಗಂಟಲು ಕೆಡಿಸುವ ಸ್ಟ್ರೆಪ್ಟೊಕಾಕಸ್‌ಗೆ 0.1ಕ್ಕಿಂತ ಕಡಿಮೆ ಇದ್ರೂ ಸಾಕು. ಆದ್ರೆ ಇದರ ಹಾಫ್ ಲೈಫ್ ಸುಮಾರು ಒಂದೇ ತಾಸು. ಕೆಪಾಸಿಟರ್ ಡಿಸ್ಚಾರ್ಜ್ ಆದಂಗೆ ಇಳೀತದೆ, 8 ತಾಸಿಗೆ 256ರಲ್ಲಿ ಒಂದು ಪಾಲು ಉಳೀತದೆ. ದಿನಕ್ಕೆ ಮೂರು ಸಲ ತಗೋ ಅಂತ ಡಾಕ್ಟರ್ ಹೇಳೋದು ಇದಕ್ಕೇ, ಊಟದ ಟೈಮ್ ನೆನಪಿಡೋಕೆ ಅಲ್ಲ.

ಹಾಗಂತ ಮನೆಮದ್ದೆಲ್ಲ ವೇಸ್ಟ್ ಅಂತಲ್ಲ. ಔಷಧಿಯನ್ನ ನೇರವಾಗಿ ಜಾಗಕ್ಕೇ ಹಚ್ಚಿದ್ರೆ ಲೆಕ್ಕ ಪೂರ್ತಿ ಬದಲಾಗ್ತದೆ, ರಕ್ತದ ದಾರಿಯೇ ಬೇಕಿಲ್ಲ. ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಪಕ್ಕದ ಸೊಲ್ಲಾಪುರದ್ದು, ರೈಲಿಗೆ ಎರಡು ತಾಸಿನ ದಾರಿ. ಅಲ್ಲಿನ ಡಾ. ವಿ.ಎಂ. ಮೆಡಿಕಲ್ ಕಾಲೇಜಿನ ಸರ್ಜನ್ ಸುಬ್ರಹ್ಮಣ್ಯಂ ಅವರು ಸುಟ್ಟಗಾಯದ 104 ರೋಗಿಗಳಲ್ಲಿ ಅರ್ಧ ಜನಕ್ಕೆ ಜೇನುತುಪ್ಪ, ಇನ್ನರ್ಧ ಜನಕ್ಕೆ ಆಗ ಎಲ್ಲರೂ ಬಳಸುತ್ತಿದ್ದ ಸಿಲ್ವರ್ ಸಲ್ಫಾಡಯಾಜಿನ್ ಹಚ್ಚಿ ನೋಡಿ, 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬರೆದರು. ಏಳು ದಿನದೊಳಗೆ ಜೇನು ಹಚ್ಚಿದ ಗಾಯಗಳಲ್ಲಿ ಶೇ. 91 ಸೋಂಕಿಲ್ಲದೆ ಸ್ವಚ್ಛವಾದವು, ಇನ್ನೊಂದು ಗುಂಪಿನಲ್ಲಿ ಶೇ. 7 ಮಾತ್ರ. ಒಂದೇ ಕಡೆಯ ಫಲಿತಾಂಶವನ್ನ ಸ್ವಲ್ಪ ಹುಷಾರಾಗಿ ಓದಬೇಕು, ನಿಜ. ಆದ್ರೂ ಆಳವಿಲ್ಲದ ಸುಟ್ಟಗಾಯಕ್ಕೆ ಜೇನು ಬೇಗ ವಾಸಿ ಮಾಡ್ತದೆ ಅಂತ ಮುಂದೆ ಎಲ್ಲಾ ಟ್ರಯಲ್‌ಗಳನ್ನ ಒಟ್ಟಿಗೆ ನೋಡಿದವರೂ ಹೇಳಿದ್ದಾರೆ.

ಕಾರಣ ಮ್ಯಾಜಿಕ್ ಅಲ್ಲ. ಜೇನಿನಲ್ಲಿ ನೀರು ಶೇ. 20ಕ್ಕಿಂತ ಕಡಿಮೆ, ಉಳಿದದ್ದು ಹೆಚ್ಚಾಗಿ ಸಕ್ಕರೆ. ಆಸ್ಮಾಸಿಸ್‌ನಿಂದ ಅದು ಬ್ಯಾಕ್ಟೀರಿಯಾದ ನೀರನ್ನೇ ಎಳೀತದೆ. ಮೇಲೆ ಆಮ್ಲೀಯ ಬೇರೆ. ಗಾಯದ ರಸ ಸೇರಿ ತೆಳುವಾದ್ರೆ ಅದರೊಳಗಿನ ಎನ್‌ಜೈಮ್ ನಿಧಾನಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಿಡ್ತದೆ. ಅದೇ ಜೇನನ್ನ ಬಿಸಿನೀರಿಗೆ ಹಾಕಿ ಕುಡಿದ್ರೆ ಇದ್ಯಾವುದೂ ನಡೆಯಲ್ಲ, ಗಂಟಲಿಗೆ ಹಿತ ಅನಿಸ್ತದೆ ಅಷ್ಟೇ. ಇನ್ನೊಂದು ಮಾತು: ಆಸ್ಪತ್ರೆಗೆ ಬರೋದು ಗಾಮಾ ಕಿರಣದಿಂದ ಸ್ಟೆರೈಲ್ ಮಾಡಿದ ಜೇನು. ಅಂಗಡಿ ಬಾಟಲಿಯದ್ದನ್ನಾಗಲಿ, ಅಡುಗೆಮನೆ ಡಬ್ಬಿಯ ಅರಿಶಿಣವನ್ನಾಗಲಿ ಆಳವಾದ ಗಾಯಕ್ಕೆ ತುಂಬಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಬೊಟುಲಿಸಂ ಬರಬಹುದು.

ಅಜಿತ್ರೋ ಪಾರ್ಟಿಯವರು ಇಷ್ಟು ಹೊತ್ತು ನಗ್ತಾ ಇರ್ತಾರೆ. ಅವರ ಲೆಕ್ಕ ಇನ್ನೂ ಕೆಟ್ಟದ್ದು. ನೆಗಡಿ, ಫ್ಲೂ, ಡೆಂಗಿ, ಹೆಚ್ಚಿನ ಗಂಟಲು ನೋವು ಎಲ್ಲ ವೈರಸ್. ಅಲ್ಲಿ ಎಂಐಸಿ ಅನ್ನೋ ಪ್ರಶ್ನೆಯೇ ಬರಲ್ಲ, ಯಾಕಂದ್ರೆ ಗುಳಿಗೆ ಹಿಡಿಯೋ ಭಾಗವೇ ವೈರಸ್‌ನಲ್ಲಿ ಇಲ್ಲ. ದೇಶದಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೊದಲ ವ್ಯಕ್ತಿ ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. ಅಲ್ಲಿಂದ ಎರಡು ವರ್ಷ ಮನೆಮನೆಯಲ್ಲೂ ಒಂದು ಕಡೆ ಕಷಾಯ, ಇನ್ನೊಂದು ಕಡೆ ಅಜಿತ್ರೋಮೈಸಿನ್. ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ 7,000ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನ ನೋಡಿದಾಗ, ಈ ಗುಳಿಗೆ ತಗೊಂಡವರಲ್ಲೂ ತಗೊಳ್ಳದವರಲ್ಲೂ 28 ದಿನದಲ್ಲಿ ಸತ್ತವರು ಅಷ್ಟೇ, ಶೇ. 22.

ಪ್ರಯೋಜನ ಆಗದಿದ್ರೆ ಹೋಗ್ಲಿ, ನಷ್ಟ ಏನು? ವೈರಸ್‌ಗೆ ಏನೂ ಆಗದ ಆ ಗುಳಿಗೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡ್ತದೆ. ದುರ್ಬಲವಾದವು ಸಾಯ್ತವೆ, ತಡ್ಕೊಳ್ಳೋ ಶಕ್ತಿ ಇದ್ದವು ಉಳಿದು ಬೆಳೀತವೆ, ಆ ಜೀನ್ ಬೇರೆಯವಕ್ಕೂ ದಾಟಿಸ್ತವೆ. ಟೈಫಾಯಿಡ್‌ಗೆ ಒಂದು ಕಾಲದಲ್ಲಿ ಪಕ್ಕಾ ಔಷಧಿಯಾಗಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ಭಾರತದಲ್ಲಿ ಹೆಚ್ಚು ಕಡೆ ಕೆಲಸ ಮಾಡಲ್ಲ. ಈಗ ಉಳಿದಿರೋ ಕೆಲವೇ ಗುಳಿಗೆಗಳಲ್ಲಿ ಒಂದು ಇದೇ ಅಜಿತ್ರೋ. ನೆಗಡಿಗೆ ಖರ್ಚು ಮಾಡ್ತಿರೋದು ಅದನ್ನೇ.

ಕಾನೂನು ಇಲ್ಲ ಅಂತಲ್ಲ. ಸೆಫಿಕ್ಸಿಮ್‌ನಂಥವು 2014ರಿಂದ ಶೆಡ್ಯೂಲ್ ಎಚ್1ನಲ್ಲಿವೆ. ಮಾರಿದ್ರೆ ಡಾಕ್ಟರ್ ಹೆಸರು, ರೋಗಿ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ರೆ ಚೀಟಿ ಇಲ್ಲದೆ ತಗೋಬೇಡಿ ಅಂತ 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರನೂ ಮಾಡಿತು. ನಿಮ್ಮ ಟ್ರಂಕ್‌ನಲ್ಲಿ ಉಳಿದಿರೋ ಸ್ಟ್ರಿಪ್ ಈಗಲೇ ತಿರುಗಿಸಿ ನೋಡಿ.

ನಮ್ಮಂಥ ಹಾಸ್ಟೆಲ್‌ನವರಿಗೆ ಇನ್ನೂ ಹತ್ತಿರದ ನಷ್ಟ ಒಂದಿದೆ. ಮೂರು ದಿನ ಆದ್ರೂ ಜ್ವರ ಇಳೀಲಿಲ್ಲ ಅಂದ್ರೆ ಡಾಕ್ಟರ್ ಬ್ಲಡ್ ಕಲ್ಚರ್ ಬರೀಬಹುದು. ರಕ್ತದೊಳಗಿನ ಬ್ಯಾಕ್ಟೀರಿಯಾನ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡೋ ಟೆಸ್ಟ್ ಅದು. ಮೊದಲೇ ಎರಡು ಗುಳಿಗೆ ನುಂಗಿ ಹೋದವರ ರಕ್ತದಲ್ಲಿ ಬ್ಯಾಕ್ಟೀರಿಯಾ ಅರೆಬರೆ ಅಡಗಿರ್ತವೆ, ಲ್ಯಾಬ್‌ನಲ್ಲಿ ಬೆಳೆಯೋದೇ ಇಲ್ಲ. ರಿಪೋರ್ಟ್ ನೆಗೆಟಿವ್, ಜ್ವರ ಹಂಗೇ. ಆಮೇಲೆ ಡಾಕ್ಟರ್ ಅಂದಾಜಿನ ಮೇಲೆ ಔಷಧಿ ಕೊಡಬೇಕಾಗ್ತದೆ. ಹಾಗಾಗಿ ಮೆಡಿಕಲ್‌ನಿಂದ ಏನಾದ್ರೂ ತಗೊಂಡಿದ್ರೆ ಡಾಕ್ಟರ್ ಮುಂದೆ ಮುಚ್ಚಿಡಬೇಡಿ, ಆ ಖಾಲಿ ಸ್ಟ್ರಿಪ್ ಜೇಬಲ್ಲಿ ಹಾಕ್ಕೊಂಡೇ ಹೋಗಿ. ಅರಿಶಿಣದ ಹಾಲು ಕುಡಿದಿದ್ರೆ ಹೇಳೋ ಅವಶ್ಯಕತೆ ಇಲ್ಲ, ಕಲ್ಚರ್‌ಗೆ ಅದರಿಂದ ಏನೂ ಆಗಲ್ಲ.