ಕವಾಟಗಳಿಗೆ ವೇಳೆ ಹೇಳುವ ದಂಡ

ಹಳೆಯ ಕ್ರೀಡಾಕಾರೊಂದರ ಎಂಜಿನ್ನನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಾಯಿಸಿ ಮತ್ತೆ ಜೋಡಿಸುವುದು ಎಷ್ಟೋ ತಿಂಗಳುಗಳ ಕೆಲಸ. ಇಷ್ಟೆಲ್ಲ ಶ್ರಮಪಟ್ಟ ಮೇಲೂ ಕೆಲವೊಮ್ಮೆ ಎಂಜಿನ್ನು ಹೊತ್ತಿಕೊಂಡು ನಡೆಯುತ್ತದಾದರೂ ಏರು ಬಂದೊಡನೆ ಸೋಲುತ್ತದೆ. ಕಾರ್ಬುರೇಟರನ್ನು ತಿರುವಿ ನೋಡಿದರೂ ಕಿಡಿಯ ವೇಳೆಯನ್ನು ಸರಿಪಡಿಸಿದರೂ ಗುಣ ಕಾಣುವುದಿಲ್ಲ. ಇಂತಹ ಸಂದರ್ಭದಲ್ಲಿ ದೋಷವು ಹಲವು ವೇಳೆ ಎಂಜಿನ್ನಿನ ಒಡಲಲ್ಲಿ ಅಡಗಿರುವ ಕ್ಯಾಮ್‌ಶಾಫ್ಟ್ ಎಂಬ ದಂಡದಲ್ಲಿರುತ್ತದೆ. ಅದನ್ನು ಅಳೆದು ನೋಡದೆ ಕೂಡಿಸಿದವನು ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಬೇಕಾಗುವುದು.

ಈ ದಂಡದ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಂತೆ ಪ್ರತಿಯೊಂದು ಉಬ್ಬೂ ತನ್ನ ಮೇಲಿರುವ ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್‌ರಾಡನ್ನೂ, ಅದು ರಾಕರನ್ನೂ ದೂಡಿ, ರಾಕರಿನ ಇನ್ನೊಂದು ತುದಿ ಕವಾಟವನ್ನು ತೆರೆಯುತ್ತದೆ. ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಇದು ಒಂದು ಸುತ್ತು ತಿರುಗುವುದು. ಯಾವ ಕವಾಟ ಯಾವ ಕ್ಷಣದಲ್ಲಿ ತೆರೆಯಬೇಕು, ಎಷ್ಟು ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಮೂರು ಸಂಗತಿಗಳೂ ಆ ಉಬ್ಬುಗಳ ಆಕಾರದಲ್ಲಿಯೇ ಅಡಕವಾಗಿವೆ.

ದೃಷ್ಟಾಂತಕ್ಕಾಗಿ ಇಂಗ್ಲೆಂಡಿನ ಎಂ.ಜಿ.ಬಿ. ಕಾರನ್ನು ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರಿನಲ್ಲಿ 1798 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಬಿ-ಶ್ರೇಣಿಯ ಎಂಜಿನ್ನಿತ್ತು. ನಮ್ಮ ರಸ್ತೆಗಳಲ್ಲಿ ದೀರ್ಘಕಾಲ ಓಡಿದ ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನೂ ಇದೇ ಕುಟುಂಬದ್ದೆಂಬುದನ್ನು ವಾಚಕರು ಗಮನಿಸಬಹುದು. ಎಂ.ಜಿ.ಬಿ.ಯ ಮೂಲ ಕ್ಯಾಮ್‌ಶಾಫ್ಟಿನ ಪ್ರಕಾರ, ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟಲು ಇನ್ನೂ 16 ಡಿಗ್ರಿ ಇರುವಾಗಲೇ ಒಳಗವಾಟ ತೆರೆಯುತ್ತದೆ. ಪಿಸ್ಟನ್ನು ಕೆಳತುದಿಯನ್ನು ದಾಟಿ 56 ಡಿಗ್ರಿಯಾದ ಮೇಲೆ ಮುಚ್ಚುತ್ತದೆ. ಹೊರಗವಾಟವು ಕೆಳತುದಿಗೆ 51 ಡಿಗ್ರಿ ಮೊದಲು ತೆರೆದು ಮೇಲ್ತುದಿಯ ಬಳಿಕ 21 ಡಿಗ್ರಿಗೆ ಮುಚ್ಚುತ್ತದೆ. ಎರಡೂ 252 ಡಿಗ್ರಿಗಳಷ್ಟು ಕಾಲ ತೆರೆದಿರುತ್ತವೆ. ಇವೆಲ್ಲವೂ ಕ್ರ್ಯಾಂಕ್‌ಶಾಫ್ಟಿನ ಡಿಗ್ರಿಗಳೆಂಬುದನ್ನು ಮರೆಯಬಾರದು.

ಕೆಳತುದಿಯನ್ನು ದಾಟಿ ಪಿಸ್ಟನ್ನು ಮೇಲೇರತೊಡಗಿದ ಮೇಲೂ ಒಳಗವಾಟವನ್ನು ತೆರೆದಿಡುವುದೇಕೆ? ನಿಮಿಷಕ್ಕೆ 5000 ಸುತ್ತುಗಳ ವೇಗದಲ್ಲಿ 252 ಡಿಗ್ರಿಗಳೆಂದರೆ ಕೇವಲ 8.4 ಮಿಲಿಸೆಕೆಂಡುಗಳು. ಅಷ್ಟರಲ್ಲಿ ಸಿಲಿಂಡರು ತುಂಬಬೇಕು. ಕೊಳವೆಯಲ್ಲಿ ವೇಗವಾಗಿ ಬರುತ್ತಿರುವ ಅನಿಲಕ್ಕೂ ತೂಕವಿದೆ. ಓಡುವ ಗಾಡಿಯಂತೆ ಅದೂ ಒಮ್ಮೆಗೇ ನಿಲ್ಲಲಾರದು. ಆ ಓಟದ ಬಲದಿಂದ, ಪಿಸ್ಟನ್ನು ಮೇಲೇರತೊಡಗಿದರೂ ಇನ್ನಷ್ಟು ಅನಿಲ ಒಳಗೆ ನುಗ್ಗುತ್ತದೆ. ಆದರೆ ಎಂಜಿನ್ನು ನಿಧಾನವಾಗಿ ತಿರುಗುವಾಗ ಈ ಬಲವಿಲ್ಲ. ಆಗ ಕವಾಟ ತಡವಾಗಿ ಮುಚ್ಚಿದರೆ, ಒಳಬಂದ ಅನಿಲವನ್ನು ಪಿಸ್ಟನ್ನೇ ಹೊರಗೆ ತಳ್ಳಿಬಿಡುತ್ತದೆ. ಹೀಗಿರುವುದರಿಂದ ಮೇಲೆ ಹೇಳಿದ ಅಂಕಿಗಳು ಎರಡು ಬಗೆಯ ಓಟಗಳ ನಡುವೆ ಮಾಡಿಕೊಂಡ ಒಂದು ಒಪ್ಪಂದವೆನ್ನಬೇಕು. ಹೆಚ್ಚು ಕಾಲ ತೆರೆದಿಡುವ ಪಂದ್ಯದ ಕ್ಯಾಮನ್ನು ಹಾಕಿದರೆ ಮೇಲಿನ ವೇಗದಲ್ಲಿ ಶಕ್ತಿ ದೊರೆತು, ಪೇಟೆಯ ಓಡಾಟದಲ್ಲಿ ಅದನ್ನು ಕಳೆದುಕೊಳ್ಳಬೇಕಾಗುತ್ತದೆ.

ಅಂಗಡಿಯಿಂದ ತಂದ ಹೊಸ ಕ್ಯಾಮ್‌ಶಾಫ್ಟಿನ ಚೀಟಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಕವಾಟ ‘ತೆರೆಯಿತು’ ಎಂದು ಯಾವಾಗ ಹೇಳುವುದು? ಗದ್ದಲವೂ ಸವೆತವೂ ತಗ್ಗಲೆಂದು ಉಬ್ಬಿನ ಆರಂಭವನ್ನು ಬಹು ಮೃದುವಾದ ಏರಾಗಿ ಕೊರೆದಿರುತ್ತಾರೆ. ಕೆಲವು ತಯಾರಕರು ಮೊದಲ ಅಲುಗಾಟದಿಂದಲೇ ಎಣಿಸಿದರೆ, ಮತ್ತೆ ಕೆಲವರು ಟ್ಯಾಪೆಟ್ಟು 0.050 ಅಂಗುಲ ಎದ್ದ ಮೇಲೆ ಎಣಿಸುತ್ತಾರೆ. ಒಂದೇ ಕ್ಯಾಮಿಗೆ ಎರಡನೆಯ ಲೆಕ್ಕದಲ್ಲಿ ಬಹಳ ಕಡಿಮೆ ಡಿಗ್ರಿಗಳು ಬರುತ್ತವೆ. ಅಳತೆಯ ಕ್ರಮವನ್ನು ತಿಳಿಯದೆ ಎರಡು ಚೀಟಿಗಳನ್ನು ಹೋಲಿಸುವುದು, ಒಂದನ್ನು ಸೇರಿನಲ್ಲಿಯೂ ಇನ್ನೊಂದನ್ನು ಕಿಲೋಗ್ರಾಮಿನಲ್ಲಿಯೂ ತೂಗಿ ಅಂಕಿಗಳನ್ನಷ್ಟೇ ನೋಡಿದಂತೆ.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ಮೊದಲನೆಯದು ಎತ್ತುವಿಕೆ. ಪುಷ್‌ರಾಡಿನ ತಲೆಯ ಮೇಲೆ ಡಯಲ್ ಗೇಜನ್ನು ನಿಲ್ಲಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಎಂಟೂ ಉಬ್ಬುಗಳ ಏರನ್ನು ಬರೆದುಕೊಳ್ಳತಕ್ಕದ್ದು. ಎಂ.ಜಿ.ಬಿ.ಯಲ್ಲಿ ರಾಕರು ಈ ಚಲನೆಯನ್ನು ಸುಮಾರು 1.4ರಷ್ಟು ಹೆಚ್ಚಿಸುತ್ತದೆ. ಒಂದೆರಡು ಉಬ್ಬುಗಳು ಉಳಿದವುಗಳಿಗಿಂತ ಕಡಿಮೆ ಎತ್ತಿದರೆ ಅವು ಸವೆದಿವೆಯೆಂದೇ ತಿಳಿಯಬೇಕು. ಗಡುಸಾದ ಹೊರಪದರ ಒಮ್ಮೆ ಹರಿದುಹೋದರೆ ಸವೆತ ಬಲು ಬೇಗ ಮುಂದುವರಿದು, ಕಬ್ಬಿಣದ ಪುಡಿ ಎಣ್ಣೆಯೊಡನೆ ಬೇರಿಂಗುಗಳನ್ನು ಸೇರುತ್ತದೆ.

ಎರಡನೆಯದು ವೇಳೆ. ಕ್ರ್ಯಾಂಕ್‌ಶಾಫ್ಟಿನ ತುದಿಗೆ ಡಿಗ್ರಿಗಳನ್ನು ಗುರುತು ಮಾಡಿದ ತಟ್ಟೆಯನ್ನು ಬಿಗಿದು, ಮುಳ್ಳಾಗಿ ಒಂದು ತಂತಿಯನ್ನು ಕಟ್ಟಬೇಕು. ಪಿಸ್ಟನ್ನಿನ ಮೇಲ್ತುದಿಯನ್ನು ಕಣ್ಣಳತೆಯಿಂದ ಹಿಡಿಯಲಾಗದು. ಅಲ್ಲಿ ಕ್ರ್ಯಾಂಕು ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಅಲುಗಿದಂತೆಯೇ ಕಾಣುವುದಿಲ್ಲ. ಆದುದರಿಂದ ಮೇಲ್ತುದಿಗೆ ಸ್ವಲ್ಪ ಕೆಳಗೆ ಪಿಸ್ಟನ್ನಿಗೆ ಒಂದು ಅಡ್ಡಿಯನ್ನಿಟ್ಟು, ಎರಡು ದಿಕ್ಕಿನಿಂದಲೂ ಮೆಲ್ಲನೆ ತಿರುಗಿಸಿ ತಡೆಯುವವರೆಗೆ ತರಬೇಕು. ಒಂದು ಕಡೆ 38, ಇನ್ನೊಂದು ಕಡೆ 42 ಡಿಗ್ರಿ ತೋರಿದರೆ ಮುಳ್ಳು 2 ಡಿಗ್ರಿ ತಪ್ಪಿದೆ. ಎರಡೂ ಕಡೆ 40 ಬರುವಂತೆ ಸರಿಸಿದರೆ ಸೊನ್ನೆಯೇ ನಿಜವಾದ ಮೇಲ್ತುದಿ.

ಅಡ್ಡಿಯನ್ನು ತೆಗೆದ ಮೇಲೆ ಒಳಗವಾಟದ ಉಬ್ಬಿನ ಶಿಖರವನ್ನು ಹುಡುಕಬೇಕು. ಶಿಖರವೂ ಚಪ್ಪಟೆಯಾಗಿರುವುದರಿಂದ ಇಲ್ಲಿಯೂ ಅದೇ ಉಪಾಯ. ಪೂರ್ಣ ಏರಿಗೆ 1 ಮಿಲಿಮೀಟರು ಕಡಿಮೆಯಿರುವ ಸ್ಥಾನ ಏರುವಾಗ 75 ಡಿಗ್ರಿಗೂ ಇಳಿಯುವಾಗ 153 ಡಿಗ್ರಿಗೂ ಬಂದಿತೆನ್ನೋಣ, ನಡುವಣದು 114. ಮೂಲ ಅಂಕಿಗಳ ಪ್ರಕಾರ ಇದು 110 ಆಗಿರಬೇಕು. ಎಂದರೆ ಕ್ಯಾಮ್‌ಶಾಫ್ಟು 4 ಡಿಗ್ರಿ ಹಿಂದೆ ಬಿದ್ದಿದೆ. ಒಳಗವಾಟ 56ಕ್ಕೆ ಬದಲಾಗಿ 60 ಡಿಗ್ರಿಗೆ ಮುಚ್ಚುತ್ತಿದೆ. ಏರಿನಲ್ಲಿ ಸೋತ ಎಂಜಿನ್ನಿನ ರಹಸ್ಯ ಇಂತಹದೇ ಇರಬಹುದು. ಅಳೆಯುವಾಗ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸತಕ್ಕದ್ದು. ಇಲ್ಲವಾದರೆ ಸರಪಳಿಯ ಸಡಿಲವೇ ಲೆಕ್ಕವನ್ನು ಕೆಡಿಸುವುದು.

ಹಲ್ಲುಚಕ್ರದ ಗುರುತುಗಳು ಸರಿಯಾಗಿ ಕೂಡಿದ್ದರೂ ಈ ತಪ್ಪು ಉಂಟಾಗಬಹುದು. ಸರಪಳಿ ಸವೆದು ಉದ್ದವಾದರೆ ಕ್ಯಾಮು ಹಿಂದೆ ಬೀಳುತ್ತದೆ. ಕೀಲಿಯ ಗಾಡಿಯನ್ನು ಕೊರೆಯುವಾಗಲೂ ಸಣ್ಣ ವ್ಯತ್ಯಾಸ ಬರಬಹುದು. ಸರಪಳಿಯನ್ನು ಒಂದು ಹಲ್ಲು ಸರಿಸಿದರೆ ತಿದ್ದುಪಡಿ ಅತಿಯಾಗುವುದು. ಅದಕ್ಕೆಂದೇ ಓರೆಯಾಗಿ ಮಾಡಿದ ಕೀಲಿಗಳು ದೊರೆಯುತ್ತವೆ. ಕ್ರ್ಯಾಂಕಿನ 4 ಡಿಗ್ರಿಗಳಿಗೆ ಕ್ಯಾಮು 2 ಡಿಗ್ರಿ ತಿರುಗಿದರೆ ಸಾಕು. ಕೀಲಿಯನ್ನು ಹಾಕಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಅದನ್ನು ತಿರುವುಮುರುವಾಗಿ ಇಟ್ಟರೆ ತಪ್ಪು ಇಮ್ಮಡಿಯಾಗುತ್ತದೆ.

ಹೆಚ್ಚು ಎತ್ತುವ ಕ್ಯಾಮನ್ನು ಹಾಕುವವರು ಇನ್ನೆರಡು ಸಂಗತಿಗಳನ್ನು ನೋಡಬೇಕು. ಕವಾಟ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಪ್ಲ್ಯಾಸ್ಟಿಸೀನನ್ನಿಟ್ಟು, ತಲೆಭಾಗವನ್ನು ಗ್ಯಾಸ್ಕೆಟ್ಟಿನೊಡನೆ ಬಿಗಿದು, ಎರಡು ಸುತ್ತು ತಿರುಗಿಸಿ ತೆಗೆದರೆ ಕವಾಟಕ್ಕೂ ಪಿಸ್ಟನ್ನಿಗೂ ಉಳಿಯುವ ಅಂತರ ಅಚ್ಚೊತ್ತಿದಂತೆ ಕಾಣುತ್ತದೆ.

ಕಡೆಯದಾಗಿ ಎಣ್ಣೆಯ ಮಾತು. ಉಬ್ಬಿಗೂ ಟ್ಯಾಪೆಟ್ಟಿಗೂ ನಡುವೆ ಒತ್ತಡ ಬಹಳ ಹೆಚ್ಚು. ಅಲ್ಲಿ ಲೋಹವನ್ನು ಕಾಯುವುದು ಎಣ್ಣೆಯಲ್ಲಿ ಬೆರೆಸಿರುವ ಸತು ಮತ್ತು ರಂಜಕಗಳ ಸಂಯುಕ್ತ. ಈಗಿನ ಕಾರುಗಳ ಹೊಗೆ ಶುದ್ಧಿಮಾಡುವ ಉಪಕರಣವನ್ನು ರಂಜಕ ಕೆಡಿಸುವುದರಿಂದ ಹೊಸ ಎಣ್ಣೆಗಳಲ್ಲಿ ಅದನ್ನು ತಗ್ಗಿಸಿದ್ದಾರೆ. ಹಳೆಯ ಎಂಜಿನ್ನಿಗೆ ಆ ಸಂಯುಕ್ತ ಸಾಕಷ್ಟಿರುವ ಎಣ್ಣೆಯನ್ನೇ ಆರಿಸಬೇಕು. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟುಗಳೇ ಆಗಬೇಕು. ಮೊದಲ ಸಲ ಹೊತ್ತಿಸಿದೊಡನೆ ನಿಧಾನವಾಗಿ ಓಡಲು ಬಿಡದೆ, ಇಪ್ಪತ್ತು ನಿಮಿಷ ಸುಮಾರು 2000 ಸುತ್ತುಗಳ ಮೇಲೆ ನಡೆಸಿದರೆ ಉಬ್ಬುಗಳಿಗೆ ಎಣ್ಣೆ ಚೆನ್ನಾಗಿ ಚಿಮ್ಮಿ ಎರಡು ಮೈಗಳೂ ಹೊಂದಿಕೊಳ್ಳುತ್ತವೆ.

ಒಂದು ತಟ್ಟೆ, ಒಂದು ಗೇಜು, ಒಂದು ತಂತಿ, ಅರ್ಧ ದಿನದ ತಾಳ್ಮೆ: ಪರೀಕ್ಷೆಗೆ ಬೇಕಾದುದು ಇಷ್ಟೇ. ತಯಾರಕನ ಚೀಟಿ ದಂಡ ಹೇಗಿರಬೇಕೆಂಬುದನ್ನು ಹೇಳುತ್ತದೆ; ತನ್ನ ಎಂಜಿನ್ನಿನಲ್ಲಿ ಅದು ಹೇಗೆ ಕುಳಿತಿದೆಯೆಂಬುದನ್ನು ಜೋಡಿಸುವವನೇ ಅಳೆದು ತಿಳಿಯಬೇಕು.