ಆಯುಧ ಹಿಡಿಯದ ಯೋಧ
ಸೇನೆ ಸೇರಿದರೂ ಇವರು ಆಯುಧ ಹಿಡಿಯಲೇ ಇಲ್ಲ. ಅಮೆರಿಕದ ಡೆಸ್ಮಂಡ್ ಡಾಸ್, ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ದೈವಭಕ್ತ, ಸೇನೆಯ ವೈದ್ಯಕೀಯ ಸಹಾಯಕ.

1945ರ ಮೇ, ಜಪಾನಿನ ಓಕಿನಾವಾ ದ್ವೀಪ. ಗುಂಡಿನ ಸುರಿಮಳೆಗೆ ಪಡೆ ಹಿಂದೆ ಸರಿಯಿತು. ಡಾಸ್ ಕಡಿದಾದ ಬಂಡೆಯ ಮೇಲೆಯೇ ಉಳಿದರು. ಗಾಯಾಳುಗಳನ್ನು ಒಬ್ಬೊಬ್ಬರಾಗಿ ಅಂಚಿಗೆ ಎಳೆತಂದು, ಹಗ್ಗದ ಜೋಡಿ ಕುಣಿಕೆಗೆ ಕಾಲು ತೂರಿಸಿ, ಪ್ರಾರ್ಥಿಸುತ್ತಲೇ ಕೆಳಗಿಳಿಸಿದರು. ಸೇನೆ 100 ಜನ ಎಂದಿತು, ಅವರು 50 ಎಂದರು. ದಾಖಲೆಗೆ ಸೇರಿದ್ದು 75.

ಮುಂದೆ ತಾವೇ ಗಾಯಗೊಂಡಾಗ ಪತ್ನಿ ಡೊರೊಥಿ ಕೊಟ್ಟ ಬೈಬಲ್ ಕಳೆದುಹೋಯಿತು. ಹಿಂದೆ ಗೇಲಿ ಮಾಡಿದ್ದ ಸಂಗಾತಿಗಳೇ ರಣಭೂಮಿ ಜಾಲಾಡಿ ಅದನ್ನು ಹುಡುಕಿಕೊಟ್ಟರು. ಡಾಸ್ ಸಾಹಸಕ್ಕೆ ಅಧ್ಯಕ್ಷ ಟ್ರೂಮನ್ ತೊಡಿಸಿದ ಪದಕಕ್ಕಿಂತ ನನ್ನ ಮಟ್ಟಿಗೆ ಈ ಹುಡುಕಾಟವೇ ದೊಡ್ಡದು.

ಯುದ್ಧದ ನಂತರ ಕ್ಷಯ ಅವರ ಒಂದು ಶ್ವಾಸಕೋಶ ಕಸಿಯಿತು, ಆಮೇಲೆ ಕಿವಿಯೂ ಕೇಳದಾಯಿತು. ಡೊರೊಥಿ ದುಡಿದು ಸಂಸಾರಕ್ಕೆ ಹೆಗಲಾದರು, ಮಗನನ್ನು ಬೆಳೆಸಿದರು. ಡಾಸ್ 2006ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು.